ತಡ, ಸಾವಕಾಶ, ಹೊತ್ತು

ಮಾಜಿವಾಡಾ ನಾಕಾದಲ್ಲಿ ಪೂರ್ವ ದ್ರುತಗತಿ ಮಾರ್ಗ, ನಾಸಿಕದ ಹೆದ್ದಾರಿ, ಘೋಡಬಂದರ ರಸ್ತೆ ಇವು ಒಂದುಗೂಡುತ್ತವೆ. ಹೆಸರಿಗೆ ದ್ರುತಗತಿ, ಸಂಜೆಯ ವೇಳೆ ಅಲ್ಲಿ ನಡೆಯುವುದು ವಿಳಂಬಿತ ಲಯ. ಅಲ್ಲಿ ಸಿಕ್ಕಿಕೊಂಡ ಕನ್ನಡಿಗನು ಮರಾಠಿ ಮಿತ್ರನಿಗೆ 'ಉಶೀರ್ ಝಾಲಾ' ಎನ್ನುತ್ತಾನೆ, ರಿಕ್ಷಾದವನಿಗೆ 'ದೇರ್ ಹೋ ಗಯೀ' ಎನ್ನುತ್ತಾನೆ. ಮನೆಗೆ ಬಂದು 'ಲೇಟಾಯಿತು' ಎಂದು ಚೀಲವಿಳಿಸುತ್ತಾನೆ. ನಮ್ಮ ಸ್ವಂತ ಶಬ್ದಗಳೆಲ್ಲಿ ಹೋದವು?

ಅವು ಬೇಕಾದಷ್ಟಿವೆ. 'ತಡ'ವು 'ತಡೆ'ಯ ಬಂಧು. ಏನೋ ಅಡ್ಡ ಬಂದಿತೆಂಬ ಭಾವ ಅದರಲ್ಲಿದೆ. 'ಸಾವಕಾಶ'ವೆಂದರೆ ಅವಕಾಶದೊಡನೆ ಕೂಡಿದುದು. ಮರಾಠಿಯಲ್ಲಿಯೂ ಅದು ನಿಧಾನವೆಂಬ ಅರ್ಥದಲ್ಲಿಯೇ ಇದೆ. 'ಹೊತ್ತು' ಸೂರ್ಯನೂ ಹೌದು, ಕಾಲವೂ ಹೌದು. ಆದುದರಿಂದಲೇ 'ಹೊತ್ತಾಯಿತು' ಎಂದರೆ ತಡವಾಯಿತು. ದೂರದ ಸ್ಪೇನಿನ ನುಡಿಯಲ್ಲಿಯೂ 'ತಾರ್ದೆ' ಎಂಬ ಒಂದೇ ಶಬ್ದಕ್ಕೆ ಅಪರಾಹ್ನವೆಂದೂ ತಡವೆಂದೂ ಅರ್ಥವಿರುವುದು ಕುತೂಹಲಕರ.

ಈ ಶಬ್ದಗಳೆಲ್ಲ ಮನಸ್ಸಿಗೆ ಸಮಾಧಾನ ನೀಡತಕ್ಕವು. ಆದರೆ ರೋಗಿಯ ಹಾಸಿಗೆಯ ಬಳಿ ಇದೇ ಸಮಾಧಾನ ಅಪಾಯಕರವಾಗಬಲ್ಲುದು. ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲು ಸೋಲುವುದು, ಮಾತು ತೊದಲುವುದು – ಇವು ಥಟ್ಟನೆ ಕಾಣಿಸಿಕೊಂಡರೆ ಪಾರ್ಶ್ವವಾಯುವಿನ ಲಕ್ಷಣಗಳು. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಚಿಕಿತ್ಸೆಯಿಲ್ಲದೆ ಕಳೆದ ಪ್ರತಿ ನಿಮಿಷಕ್ಕೂ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು ಅಂದಾಜು. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. 'ಸಾವಕಾಶ ನೋಡೋಣ, ಬೆಳಗಾಗಲಿ' ಎಂದರೆ ಆ ಅವಧಿ ಮೀರಿಹೋಗುತ್ತದೆ.

ಅಲ್ಲಿ ವೈದ್ಯರ ಮೊದಲ ಪ್ರಶ್ನೆಗಳಲ್ಲೊಂದು: 'ಯಾವಾಗ ಆರಂಭವಾಯಿತು?' 'ಆಗಲೇ', 'ಸ್ವಲ್ಪ ಹೊತ್ತಾಯಿತು' ಎಂಬುವು ಇದಕ್ಕೆ ಉತ್ತರವಲ್ಲ. ಗಡಿಯಾರದ ವೇಳೆಯನ್ನೇ ಹೇಳಬೇಕು. ನಿದ್ರೆಯಿಂದ ಏಳುವಾಗಲೇ ಲಕ್ಷಣ ಕಂಡಿದ್ದರೆ, ರೋಗಿಯು ಕೊನೆಯ ಬಾರಿ ಸ್ವಸ್ಥನಾಗಿದ್ದುದು ಯಾವಾಗ ಎಂಬುದನ್ನು ತಿಳಿಸಬೇಕು. ಆ ವೇಳೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಲೇಸು.

1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ರೈಲು ಬೋರಿಬಂದರದಿಂದ ಬಂದುದು ನಮ್ಮ ಈ ಠಾಣೆಗೇ. ಲೋಕಲ್ ಎಷ್ಟು ನಿಮಿಷ ತಡವೆಂದು ನಾವು ತಪ್ಪದೆ ಹೇಳಬಲ್ಲೆವು. ಮನೆಯ ಹಿರಿಯರ ಕೈ ಸೋತ ನಿಮಿಷವನ್ನೂ ಹಾಗೆಯೇ ಹೇಳಬಲ್ಲವರಾಗಬೇಡವೇ? ಅಂಥ ಸಮಯದಲ್ಲಿ ಮಾಜಿವಾಡಾದ ದಟ್ಟಣೆಯನ್ನೂ ಲೆಕ್ಕಕ್ಕೆ ಹಿಡಿದು ಕೂಡಲೇ 108ಕ್ಕೆ ಕರೆ ಮಾಡಿ, ಪಾರ್ಶ್ವವಾಯುವಿಗೆ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೇ ಹೊರಡಬೇಕು. ಸಾವಕಾಶವೆಂಬ ಸವಿಯಾದ ಮಾತನ್ನು ಹಬ್ಬದೂಟಕ್ಕೂ ಹರಟೆಗೂ ಉಳಿಸಿಕೊಳ್ಳೋಣ.