ಹುಡುಕಿದ ಮೇಲೆ ಸಿಕ್ಕ ಜೇಕು

ಒಂದು ಹುಲ್ಲು ಸಿಕ್ಕಿದ್ದೂ ಸುದ್ದೀನಾ ಅಂತ ನೀವು ಕೇಳಬಹುದು. ಸುದ್ದೀನೇ. ಯಾಕೆ ಅಂತ ಹೇಳ್ತೀನಿ, ಕೇಳಿ.

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ನಾರ್ತ್‌ಈಸ್ಟರ್ನ್ ಬುಲ್‌ರಷ್ ಅನ್ನೋ ಸಸ್ಯ ಇದೆ. ಮೂರ್ನಾಲ್ಕು ಅಡಿ ಎತ್ತರ. ನೋಡೋಕೆ ಹುಲ್ಲು, ಆದರೆ ಜೇಕಿನ ಕುಟುಂಬದ್ದು. ನಮ್ಮ ಹೊಲದಲ್ಲಿ ರೈತರು ಕಿತ್ತು ಕಿತ್ತು ಸುಸ್ತಾಗುವ ಕೊನ್ನಾರಿಯೂ ಇದೇ ಕುಟುಂಬ. ಕೊನ್ನಾರಿ ಬೇಡ ಅಂದರೂ ಬರುತ್ತೆ. ಇದು ಬೇಕು ಅಂದರೂ ಸುಲಭಕ್ಕೆ ಸಿಗಲ್ಲ.

ಸಸ್ಯವಿಜ್ಞಾನಿ ಆಲ್‌ಫ್ರೆಡ್ ಷೈಲರ್ ಇದನ್ನು ಪ್ರತ್ಯೇಕ ಪ್ರಭೇದ ಎಂದು ಗುರುತಿಸಿದ್ದು 1962ರಲ್ಲಿ. 1991ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದಾಗ ಗೊತ್ತಿದ್ದ ನೆಲೆಗಳು ಕೇವಲ 13. ಇವತ್ತು ಆ ಸಂಖ್ಯೆ ನೂರು ದಾಟಿದೆ. ಅತಿ ಹೆಚ್ಚು ಸಿಕ್ಕಿರೋದು ಪೆನ್ಸಿಲ್ವೇನಿಯಾದಲ್ಲಿ.

ಹಾಗಾದರೆ ಗಿಡ ದಿಢೀರನೆ ಹೆಚ್ಚಾಯ್ತಾ? ಅದಲ್ಲ ವಿಷಯ. ಹುಡುಕುವವರು ಹೆಚ್ಚಾದರು. ಪಟ್ಟಿಗೆ ಸೇರಿದ ಮೇಲೆ ತಜ್ಞರು ಕಾಡಿನ ಹೊಂಡ ಹೊಂಡ ಇಳಿದು ನೋಡಿದರು. ಅದೇನು ಸುಲಭದ ಕೆಲಸ ಅಲ್ಲ. ಈ ಹೊಂಡಗಳು ವಸಂತದಲ್ಲಿ ತುಂಬಿ, ಬೇಸಿಗೆ ಕೊನೆಗೆ ಒಣಗುತ್ತವೆ. ಮರದ ನೆರಳು ಹೆಚ್ಚಾದರೆ ಗಿಡ ಹೂ ಬಿಡಲ್ಲ. ಕಾಯಿ ಬಲಿಯದೆ ಗುರುತು ಹಿಡಿಯೋಕೂ ಆಗಲ್ಲ. ಕಾಯಿಯ ಬುಡದ ಬಿರುಗೂದಲಲ್ಲಿ ಗಾಳದಂಥ ಕೊಕ್ಕೆಗಳಿವೆಯಾ ಅಂತ ಭೂತಗನ್ನಡಿ ಹಿಡಿದೇ ನೋಡಬೇಕು.

ಇಷ್ಟೊಂದು ಕಡೆ ಸಿಕ್ಕಿದ ಮೇಲೆ ಪಟ್ಟಿಯಿಂದ ಕೈಬಿಡುವ ಮಾತು ಬಂತು. ಸಂತೋಷದ ವಿಷಯವೇ. ಆದರೆ ನನ್ನ ಆತಂಕ ಬೇರೆ. 2023ರ ಮೇ ತಿಂಗಳಲ್ಲಿ ಸ್ಯಾಕೆಟ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನದಿ, ಸರೋವರಗಳ ಜತೆ ಮೇಲ್ಮೈಯಲ್ಲಿ ನಿರಂತರ ಸಂಪರ್ಕ ಇಲ್ಲದ ಜೌಗು ನೆಲಕ್ಕೆ ಕೇಂದ್ರದ ಶುದ್ಧ ನೀರು ಕಾಯ್ದೆ ಅನ್ವಯ ಆಗಲ್ಲ ಅಂತ. ಈ ಗಿಡ ಬೆಳೆಯುವ ಒಂಟಿ ಹೊಂಡಗಳು ಬಹುತೇಕ ಅಂಥವೇ. ಇನ್ನು ಅವುಗಳನ್ನು ಕಾಯಬೇಕಾದ್ದು ಆಯಾ ರಾಜ್ಯದ ಕಾನೂನು. ಅದು ಎಲ್ಲಾ ಕಡೆ ಒಂದೇ ಥರ ಇಲ್ಲ.

ಅಂದರೆ ಗಿಡ ಸುರಕ್ಷಿತ ಅಂತ ಕಡತದಲ್ಲಿ ಬರೆಯುವ ಹೊತ್ತಿಗೇ, ಅದು ನಿಂತ ನೀರಿನ ಕಾವಲು ಸಡಿಲವಾಗಿದೆ. 13 ನೆಲೆಗಳು ನೂರಾಗಿದ್ದು ಕಾನೂನು ಹುಡುಕಿಸಿದ್ದರಿಂದ. ಸಿಕ್ಕಿದೆಯಲ್ಲಾ ಅಂತ ಹೊಂಡ ಮುಚ್ಚೋಕೆ ಬಿಟ್ಟರೆ, ಇಷ್ಟು ವರ್ಷ ಹುಡುಕಿದ್ದು ಯಾತಕ್ಕೆ ಹೇಳಿ?