ಹಿಮದ ಊರಿಗೆ ಬಾಣಂತನಕ್ಕೆ ಹೊರಡುವ ಮುನ್ನ

ಒಂದು ಕಾಲದಲ್ಲಿ ನಮ್ಮ ಕರಾವಳಿಯ ಕ್ರೈಸ್ತ ಕುಟುಂಬಗಳಿಂದ ದುಡಿಮೆಗೆಂದು ಹೊರಟವರು ಮುಂಬಯಿಗೆ ಹೋದರು. ಅನಂತರ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಎಲ್ಲಿಗೆ ಹೋದರೂ ಅವರು ಒಂದು ಸೆಖೆಯಿಂದ ಇನ್ನೊಂದು ಸೆಖೆಗೆ ಹೋದವರೇ. ಇಂದು ನಮ್ಮ ವಾಳೆಗಳಲ್ಲಿ ಮಗನೋ ಮಗಳೋ ಕೆನಡದಲ್ಲಿರುವ ಮನೆಗಳು ಒಂದೆರಡಾದರೂ ಸಿಗುತ್ತವೆ. ಮಕ್ಕಳು ಹೋದ ಮೂರು ನಾಲ್ಕು ವರ್ಷಗಳಲ್ಲಿ ತಾಯಂದಿರ ಸರದಿ ಬರುತ್ತದೆ. ಹೆರಿಗೆ, ಬಾಣಂತನ ಎಂದ ಮೇಲೆ ತಾಯಿ ಹೋಗದೆ ಆದೀತೇ? ಮಗು ಹುಟ್ಟುವ ತಿಂಗಳನ್ನು ಹವಾಮಾನ ನೋಡಿ ಗೊತ್ತುಮಾಡಲು ಸಾಧ್ಯವಿಲ್ಲವಾದ್ದರಿಂದ, ಮೊಂತಿ ಹಬ್ಬದ ಹೊಸ ಅಕ್ಕಿಯ ಊಟ ಮುಗಿಸಿ ವಿಮಾನ ಏರಿದ ನಮ್ಮ ಹೆಣ್ಣುಮಕ್ಕಳು ಜೀವಮಾನದಲ್ಲಿ ಕಂಡರಿಯದ ಚಳಿಗಾಲದ ಬಾಗಿಲಿಗೆ ಹೋಗಿ ಇಳಿಯುತ್ತಾರೆ.

ನಾನೂ ಹಾಗೆಯೇ ಇಳಿದವಳು. ಮನಿಟೋಬ ಪ್ರಾಂತ್ಯದ ವಿನಿಪೆಗ್ ನಗರದಲ್ಲಿ ಮಗಳ ಮನೆಯಲ್ಲಿ ಎರಡು ಚಳಿಗಾಲಗಳನ್ನು ಕಳೆದು ಬಂದಿದ್ದೇನೆ. ಹೋಗುವವರು ಈಗ ನನ್ನಲ್ಲಿಗೆ ಬಂದು, “ಬಾಯಮ್ಮ, ಏನೇನು ಕೊಂಡೊಯ್ಯಬೇಕು?” ಎಂದು ಕೇಳುತ್ತಾರೆ. ಕೊಂಡೊಯ್ಯುವುದಕ್ಕಿಂತ ಬಿಟ್ಟುಹೋಗಬೇಕಾದದ್ದೇ ಹೆಚ್ಚು ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ.

ಮೊದಲಿಗೆ ಚಳಿಯ ಅಳತೆಯನ್ನು ತಿಳಿಯಬೇಕು. ನಮ್ಮ ಮಂಗಳೂರಿನಲ್ಲಿ ಜನವರಿಯ ಬೆಳಗಿನ ಜಾವ 20 ಡಿಗ್ರಿಗೆ ಇಳಿದರೆ ನಾವು ಮಫ್ಲರ್ ಹುಡುಕುತ್ತೇವೆ. ವಿನಿಪೆಗ್ಗಿನ ಜನವರಿ ರಾತ್ರಿಗಳಲ್ಲಿ ಉಷ್ಣತೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿರುವುದು ಮಾಮೂಲು; ಕೆಲವು ದಿನ 30 ಡಿಗ್ರಿ ಕೆಳಗೂ ಹೋಗುತ್ತದೆ. ಮನೆಯ ಫ್ರಿಜ್ಜಿನಲ್ಲಿ ಮೀನು ಹೆಪ್ಪುಗಟ್ಟಿಸುವ ಮೇಲಿನ ಖಾನೆಯೊಳಗೆ ಇರುವುದು ಸುಮಾರು ಮೈನಸ್ 18. ಅದಕ್ಕಿಂತ ತಣ್ಣಗಿನ ಬೀದಿಯಲ್ಲಿ ಮನುಷ್ಯರು ನಡೆಯುತ್ತಾರೆ, ಮಕ್ಕಳು ಶಾಲೆಗೆ ಹೋಗುತ್ತಾರೆ. ಟೊರೊಂಟೊ ಇಷ್ಟು ಕಠಿಣವಲ್ಲ. ವ್ಯಾಂಕೂವರಿನ ಚಳಿಗಾಲವಂತೂ ಬಹುಪಾಲು ಮಳೆಯಲ್ಲೇ ಕಳೆಯುತ್ತದೆ. ಆದ್ದರಿಂದ ‘ಕೆನಡಕ್ಕೆ ಹೋಗುವುದು’ ಎಂದರೆ ಸಾಲದು, ಯಾವ ಊರಿಗೆ ಎಂದು ಮೊದಲು ಕೇಳಿಕೊಳ್ಳಬೇಕು.

ಇದರೊಂದಿಗೆ ಗಾಳಿಯ ಲೆಕ್ಕವಿದೆ. ಅಲ್ಲಿನ ಹವಾಮಾನ ವಾರ್ತೆಯಲ್ಲಿ ಉಷ್ಣತೆಯ ಜೊತೆಗೆ ‘ವಿಂಡ್ ಚಿಲ್’ ಎಂಬ ಇನ್ನೊಂದು ಅಂಕಿಯನ್ನು ಹೇಳುತ್ತಾರೆ. ಗಾಳಿ ಬೀಸಿದಾಗ ಮೈಗೆ ತಗಲುವ ಚಳಿ ಎಷ್ಟು ಎಂಬುದರ ಅಂದಾಜು ಅದು. ಆ ಅಂಕಿ ಮೈನಸ್ 28ಕ್ಕೆ ಇಳಿದರೆ ತೆರೆದ ಚರ್ಮ 10ರಿಂದ 30 ನಿಮಿಷಗಳಲ್ಲಿ ಮರಗಟ್ಟಬಹುದು. ಮೈನಸ್ 40 ಆದರೆ 5ರಿಂದ 10 ನಿಮಿಷ ಸಾಕು. ಇದು ಹೆದರಿಸುವ ಮಾತಲ್ಲ. ಅಲ್ಲಿನವರು ಬೆಳಗ್ಗೆ ಎದ್ದೊಡನೆ ನೋಡುವ ಲೆಕ್ಕ.

ಆ ಲೆಕ್ಕವನ್ನು ನಾನು ನೋಡದ ದಿನದ ಕಥೆಯನ್ನು ಹೇಳಲೇಬೇಕು. ಮೊದಲ ವರ್ಷದ ಜನವರಿ. ಮೂರು ದಿನ ಮೋಡ ಕವಿದು ಹಿಮ ಸುರಿದ ಮೇಲೆ ಒಂದು ಬೆಳಗ್ಗೆ ಆಕಾಶ ನಿರ್ಮಲವಾಯಿತು. ಕಿಟಕಿಯಾಚೆ ಕಣ್ಣು ಕೋರೈಸುವ ಬಿಸಿಲು. ಬಿಸಿಲು ಬಂದರೆ ಚಳಿ ಬಿಟ್ಟಿತೆಂದೇ ಅರವತ್ತು ವರ್ಷ ಬಾಳಿದವಳು ನಾನು. ಮಗಳು ಮಗುವಿಗೆ ಹಾಲೂಡಿಸಿ ಮಲಗಿದ್ದಳು, ಅಳಿಯ ಕೆಲಸಕ್ಕೆ ಹೋಗಿದ್ದ. ಕಸದ ಚೀಲವನ್ನು ಹಿಂಬದಿಯ ಡಬ್ಬಿಗೆ ಹಾಕಿ ಬರೋಣವೆಂದು ಸೀರೆಯ ಮೇಲೊಂದು ಸ್ವೆಟರ್, ಕಾಲಿಗೆ ಮನೆಯೊಳಗಿನ ಚಪ್ಪಲಿ ಹಾಕಿಕೊಂಡು ಹೊರಬಂದೆ. ಬಾಗಿಲು ಹಿಂದಿನಿಂದ ತಾನಾಗಿ ಮುಚ್ಚಿಕೊಂಡಿತು. ಅದರ ಬೀಗ ತಾನಾಗಿಯೇ ಬೀಳುವಂಥದ್ದೆಂದು ನನಗೆ ಗೊತ್ತಿರಲಿಲ್ಲ.

ಬಾಗಿಲು ತಟ್ಟಿದೆ, ಕರೆದೆ. ಎರಡು ಪದರ ಗಾಜಿನ ಆ ಮನೆಗಳೊಳಗೆ ಹೊರಗಿನ ದನಿ ಹೋಗುವುದಿಲ್ಲ. ಮೂಗಿನೊಳಗಿನ ತೇವ ಮಂಜಾಗುವುದು ಗೊತ್ತಾಯಿತು. ಬೆರಳುಗಳು ಮೊದಲು ಉರಿದವು, ಆಮೇಲೆ ಉರಿ ನಿಂತಿತು. ಉರಿ ನಿಂತದ್ದಕ್ಕೆ ನಾನು ಸಮಾಧಾನಪಟ್ಟೆ. ಅದೇ ಅಪಾಯದ ಗುರುತೆಂದು ಯಾರೂ ಹೇಳಿರಲಿಲ್ಲ. ಪಕ್ಕದ ಮನೆಯ ವೃದ್ಧೆಯೊಬ್ಬರು ಕಿಟಕಿಯಿಂದ ಕಂಡು ಓಡಿಬಂದು ನನ್ನನ್ನು ಒಳಗೆ ಎಳೆದುಕೊಂಡರು. ಬಿಳಿಚಿಹೋಗಿದ್ದ ಬೆರಳುಗಳನ್ನು ನಾನು ಉಜ್ಜತೊಡಗಿದಾಗ ಅವರು ಕೈ ಹಿಡಿದು ತಡೆದರು. ಮರಗಟ್ಟಿದ ಚರ್ಮವನ್ನು ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು, ಕುದಿ ನೀರಿಗೆ ಅದ್ದಬಾರದು. ಸ್ಪರ್ಶಜ್ಞಾನವಿಲ್ಲದ ಬೆರಳು ಸುಟ್ಟರೂ ತಿಳಿಯುವುದಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಮೆಲ್ಲನೆ ಜೀವ ಬರಿಸಬೇಕು. ಬಣ್ಣ ಮರಳದಿದ್ದರೆ ಆಸ್ಪತ್ರೆಗೆ ಹೋಗಬೇಕು. ನನ್ನ ಬೆರಳುಗಳು ಉಳಿದವು. ಎಡಗೈಯ ಕಿರುಬೆರಳ ತುದಿ ಇಂದಿಗೂ ತಣ್ಣೀರು ಮುಟ್ಟಿದರೆ ಜುಮುಗುಡುತ್ತದೆ.

ಅಲ್ಲಿನ ಚಳಿಗಾಲದಲ್ಲಿ ಅತ್ಯಂತ ತಣ್ಣಗಿನ ದಿನಗಳು ಅನೇಕ ಸಲ ಅತ್ಯಂತ ಬಿಸಿಲಿನ ದಿನಗಳೇ ಆಗಿರುತ್ತವೆ. ಮೋಡವಿದ್ದರೆ ಅದು ಕಂಬಳಿಯಂತೆ ನೆಲದ ಶಾಖವನ್ನು ತಡೆಯುತ್ತದೆ. ಆಕಾಶ ತೆರೆದಿದ್ದರೆ ರಾತ್ರಿಯಿಡೀ ಶಾಖ ಮೇಲೇರಿ ಹೋಗುತ್ತದೆ. ಆ ಘಟನೆಯ ಮರುದಿನ ಅಳಿಯ ಬಾಗಿಲ ಬಳಿ ಒಂದು ಮೊಳೆ ಹೊಡೆದು ಬೀಗದ ಕೈಯನ್ನು ದಾರದಲ್ಲಿ ತೂಗಿಸಿದ. ಹೊರಗೆ ಕಾಲಿಡುವಾಗ ಅದನ್ನು ಕೊರಳಿಗೆ ಹಾಕಿಕೊಳ್ಳಬೇಕೆಂದು ಮಗಳ ಕಟ್ಟಪ್ಪಣೆ.

ಈಗ ಉಡುಪಿನ ವಿಚಾರ. ಇಲ್ಲಿನ ಅಂಗಡಿಗಳಲ್ಲಿ ದಪ್ಪನೆಯ ಸ್ವೆಟರುಗಳನ್ನೂ ಕಂಬಳಿಗಳನ್ನೂ ಕೊಂಡು ಪೆಟ್ಟಿಗೆ ತುಂಬಿಸುವುದು ನಷ್ಟದ ವ್ಯವಹಾರ. ನಮ್ಮ ಊರಿನ ಅಂಗಡಿಯವನಿಗೂ ಆ ಚಳಿಯ ಅನುಭವವಿಲ್ಲ. ಇಲ್ಲಿಂದ ಹೊರಡುವಾಗ ವಿಮಾನ ನಿಲ್ದಾಣದಿಂದ ಮನೆಯವರೆಗೆ ಸಾಲುವಷ್ಟು ಇದ್ದರೆ ಸಾಕು. ಮಕ್ಕಳು ಒಂದು ಕೋಟನ್ನು ಹಿಡಿದುಕೊಂಡೇ ನಿಲ್ದಾಣಕ್ಕೆ ಬರಲಿ. ಉಳಿದುದನ್ನು ಅಲ್ಲಿಯೇ ಕೊಳ್ಳುವುದು ಲೇಸು. ಹೊಸತಕ್ಕೆ ಬೆಲೆ ಹೆಚ್ಚೆನಿಸಿದರೆ ಬಳಸಿದ ಉಡುಪಿನ ಅಂಗಡಿಗಳಿವೆ. ನಮ್ಮ ಧರ್ಮಕೇಂದ್ರಗಳಲ್ಲಿ ಬಡವರ ನೆರವಿಗೆ ನಿಂತಿರುವ ಸಂತ ವಿನ್ಸೆಂಟ್ ಪಾವ್ಲ್ ಸಭೆಯೇ ಕೆನಡದ ಹಲವು ಊರುಗಳಲ್ಲಿ ಅಂಥ ಅಂಗಡಿಗಳನ್ನು ನಡೆಸುತ್ತದೆ. ಇನ್ನೊಬ್ಬರು ತೊಟ್ಟದ್ದೆಂಬ ಸಂಕೋಚ ಬೇಡ.

ಒಂದು ದಪ್ಪ ಬಟ್ಟೆಗಿಂತ ಮೂರು ತೆಳು ಪದರಗಳು ಮೇಲು. ಪದರಗಳ ನಡುವೆ ಸಿಕ್ಕಿದ ಗಾಳಿಯೇ ಬೆಚ್ಚಗಿಡುವುದು. ಮೈಗೆ ತಗಲುವ ಪದರ ಹತ್ತಿಯದಾಗಿರಬಾರದು. ನಮ್ಮ ಸೆಖೆಗೆ ಹತ್ತಿಯಂಥ ಬಟ್ಟೆಯಿಲ್ಲ, ಆದರೆ ಅದು ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಚಳಿಯಲ್ಲಿ ಆ ತೇವವೇ ಶತ್ರು. ಒಳಗೆ ಥರ್ಮಲ್, ನಡುವೆ ಉಣ್ಣೆ, ಹೊರಗೆ ಗಾಳಿಯನ್ನೂ ನೀರನ್ನೂ ತಡೆಯುವ ಉದ್ದನೆಯ ಕೋಟು. ಐದು ಬೆರಳಿನ ಕೈಗವಸಿಗಿಂತ ನಾಲ್ಕು ಬೆರಳುಗಳೂ ಒಟ್ಟಿಗೆ ಕೂರುವ ಮಿಟನ್ ಬೆಚ್ಚಗೆ. ಬೂಟು ಸ್ವಲ್ಪ ಸಡಿಲವಿರಲಿ. ದಪ್ಪ ಕಾಲುಚೀಲವನ್ನು ತುರುಕಿ ಬಿಗಿಯಾದರೆ ರಕ್ತ ಓಡದೆ ಕಾಲು ಬೇಗ ತಣ್ಣಗಾಗುತ್ತದೆ.

ನಮ್ಮ ವಯಸ್ಸಿನವರಿಗೆ ಕಷ್ಟವಾಗುವುದು ಸೀರೆಯನ್ನು ಬಿಡುವುದು. ನಾನು ಒಂದು ತಿಂಗಳು ಹಟ ಹಿಡಿದೆ. ಸೀರೆಯ ಅಂಚು ಹಿಮದಲ್ಲಿ ಒದ್ದೆಯಾಗಿ, ಇಗರ್ಜಿಯ ಬಾಗಿಲು ತಲುಪುವಷ್ಟರಲ್ಲಿ ತಗಡಿನಂತೆ ಸೆಟೆದು ಕಾಲಿಗೆ ಬಡಿಯುತ್ತಿತ್ತು. ಕೊನೆಗೆ, “ಮಮ್ಮೀ, ಇಲ್ಲಿ ನಿಮ್ಮನ್ನು ನೋಡಿ ಆಡಿಕೊಳ್ಳುವವರು ಯಾರೂ ಇಲ್ಲ” ಎಂದು ಮಗಳು ಪ್ಯಾಂಟು ತಂದಿಟ್ಟಳು. ಆಡಿಕೊಳ್ಳುವವರಿಲ್ಲ ಎಂಬುದೇ ನನಗೆ ಹೆಚ್ಚು ಬೇಸರ ತಂದಿತು ಎಂದರೆ ಓದುಗರು ನಗಬಾರದು. ಪ್ಯಾಂಟು ಹಾಕಿದೆ. ಮನೆಯೊಳಗೆ ಸೀರೆಯೇ ಉಟ್ಟೆ.

ಮನೆಯೊಳಗೆ ಎಂದೆನಲ್ಲ, ಬಾಣಂತನಕ್ಕೆ ಹೋಗುವವರು ಅತ್ಯಂತ ಎಚ್ಚರ ವಹಿಸಬೇಕಾದ ವಿಷಯ ಇಲ್ಲಿದೆ. ಚಳಿಯಿರುವುದು ಬಾಗಿಲಿನ ಆಚೆಗೆ. ಒಳಗೆ ಯಂತ್ರದ ಬಿಸಿಗಾಳಿಯಿಂದ ಹಗಲೂ ಇರುಳೂ ಸುಮಾರು 21 ಡಿಗ್ರಿ ಇರುತ್ತದೆ. ಹೊರಗಿನ ಹಿಮವನ್ನು ಕಿಟಕಿಯಲ್ಲಿ ಕಂಡು ಒಳಗಿನ ಮಗುವಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸುವುದು ಅಜ್ಜಿಯರ ಮೊದಲ ತಪ್ಪು. ಅತಿಯಾಗಿ ಬೆಚ್ಚಗಾದ ಮಗುವಿಗೂ ಅಪಾಯವಿದೆ. ಸಡಿಲ ಹೊದಿಕೆ ಮುಖದ ಮೇಲೆ ಬಿದ್ದು ಉಸಿರುಕಟ್ಟಬಹುದು. ಅಲ್ಲಿನ ವೈದ್ಯರು ಮಗುವನ್ನು ಅಂಗಾತ, ದಿಂಬು ಕಂಬಳಿಗಳಿಲ್ಲದ ಖಾಲಿ ತೊಟ್ಟಿಲಲ್ಲಿ ಮಲಗಿಸಲು ಹೇಳುತ್ತಾರೆ. ಕಾರಿನಲ್ಲಿಯೂ ಅಷ್ಟೇ: ಉಬ್ಬಿದ ಕೋಟು ತೊಡಿಸಿ ಮಗುವಿನ ಆಸನದ ಪಟ್ಟಿ ಬಿಗಿದರೆ, ಅಪಘಾತದಲ್ಲಿ ಕೋಟು ಕುಗ್ಗಿ ಪಟ್ಟಿ ಸಡಿಲವಾಗುತ್ತದೆ. ತೆಳು ಉಡುಪಿನಲ್ಲಿ ಪಟ್ಟಿ ಬಿಗಿದು ಅದರ ಮೇಲೆ ಹೊದಿಸಬೇಕು.

ಎರಡನೆಯದು ಇನ್ನೂ ಗಂಭೀರ. ಬಾಣಂತಿಯ ಸ್ನಾನವಾದ ಮೇಲೆ ಕೆಂಡಕ್ಕೆ ಧೂಪ ಹಾಕಿ ತಲೆಗೂದಲನ್ನು ಒಣಗಿಸುವುದು ನಮ್ಮಲ್ಲಿ ಇಂದಿಗೂ ಇದೆ. ಹಂಚಿನ ಮಾಡಿನ, ಗಾಳಿಯಾಡುವ ನಮ್ಮ ಮನೆಗಳಲ್ಲಿ ಅದು ನಡೆದುಹೋಗುತ್ತದೆ. ಗಾಳಿ ಹೊಗದಂತೆ ಕಟ್ಟಿದ ಅಲ್ಲಿನ ಮನೆಯಲ್ಲಿ ಕೆಂಡವಿಟ್ಟರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಎನ್ನುವಷ್ಟರಲ್ಲಿ ತಾಯಿ ಮಗು ಇಬ್ಬರ ಪ್ರಾಣಕ್ಕೂ ಸಂಚಕಾರ. ನಾನು ಪೆಟ್ಟಿಗೆಯಲ್ಲಿ ಧೂಪದ ಪೊಟ್ಟಣ ಕೊಂಡುಹೋಗಿದ್ದೆ. ಅಂಗಳದಲ್ಲಿ ಮಾಂಸ ಸುಡುವ ಇದ್ದಿಲಿನ ಚೀಲವೂ ಅಳಿಯನ ಮನೆಯಲ್ಲಿತ್ತು. ಮಗಳು ನೋಡಿ ತಡೆಯದಿದ್ದರೆ ನಾನು ಖಂಡಿತವಾಗಿ ಉರಿಸುತ್ತಿದ್ದೆ. ಮುಚ್ಚಿದ ಗ್ಯಾರೇಜಿನಲ್ಲಿ ಕಾರನ್ನು ಬಿಸಿಮಾಡಲೆಂದು ಚಾಲೂ ಇಡುವುದೂ ಇದೇ ಅಪಾಯ. ಈ ವಿಷಾನಿಲವನ್ನು ಗುರುತಿಸಿ ಕೂಗುವ ಪುಟ್ಟ ಯಂತ್ರ ಮನೆಯಲ್ಲಿದೆಯೇ ಎಂದು ಹೋದ ದಿನವೇ ಕೇಳಿರಿ. ಎಣ್ಣೆ ಸ್ನಾನ, ಬಿಸಿನೀರು, ಕಷಾಯ ಇವೆಲ್ಲ ಇರಲಿ. ಕೆಂಡ ಮಾತ್ರ ಬೇಡ.

ಆ ಬಿಸಿಗಾಳಿ ಬಲು ಒಣ. ಮೂಗಿನಲ್ಲಿ ರಕ್ತ, ತುಟಿ ಒಡೆಯುವುದು, ಬಾಗಿಲ ಹಿಡಿ ಮುಟ್ಟಿದರೆ ಕಿಡಿ ಹಾರುವುದು ಸಾಮಾನ್ಯ. ಗಾಳಿಗೆ ತೇವ ಸೇರಿಸುವ ಯಂತ್ರ ಸಿಗುತ್ತದೆ. ನಮ್ಮ ತೆಂಗಿನೆಣ್ಣೆ ಅಲ್ಲಿ ಚಳಿಗಾಲವಿಡೀ ತುಪ್ಪದಂತೆ ಗಟ್ಟಿ. ಅದು ಸುಮಾರು 24 ಡಿಗ್ರಿಗೆ ಕರಗುವ ವಸ್ತುವಲ್ಲವೇ. ಬಾಯಿ ಅಗಲವಾದ ಡಬ್ಬಿಯಲ್ಲಿ ತುಂಬಿಸಿಕೊಂಡು ಹೋದರೆ ಚಮಚದಿಂದ ತೆಗೆಯಬಹುದು. ಎಳೆಬಿಸಿಲಿಗೆ ಮಗುವನ್ನು ಹಿಡಿಯುವ ರೂಢಿ ಅಲ್ಲಿ ನಡೆಯದು. ಎದೆಹಾಲು ಕುಡಿಯುವ ಶಿಶುಗಳಿಗೆ ದಿನಕ್ಕೆ 400 ಯೂನಿಟ್ ಡಿ ವಿಟಮಿನ್ ಹನಿ ಕೊಡಬೇಕೆಂದು ಅಲ್ಲಿನ ಆರೋಗ್ಯ ಇಲಾಖೆಯ ಸಲಹೆ.

ಜೊತೆಯಲ್ಲಿ ಹೋಗುವ ಯಜಮಾನರಿಗೆ ಒಂದು ಮಾತು. ಸುಮ್ಮನೆ ಕೂರಲಾರದೆ ಹಿಮ ಎತ್ತಲು ಸಲಿಕೆ ಹಿಡಿಯುತ್ತಾರೆ. ಹೃದಯದ ತೊಂದರೆಯಿದ್ದವರಿಗೆ ಚಳಿಯಲ್ಲಿ ಆ ಶ್ರಮ ಪ್ರಾಣಾಂತಿಕವಾಗಬಲ್ಲದು. ನೆಲದ ಮೇಲೆ ಕಾಣದಂತೆ ಕಟ್ಟಿಕೊಂಡ ಮಂಜಿನ ಪೊರೆಯ ಮೇಲೆ ಬಾತುಕೋಳಿಯಂತೆ ಸಣ್ಣ ಹೆಜ್ಜೆಯಿಟ್ಟು, ಕೈಗಳನ್ನು ಜೇಬಿನಿಂದ ಹೊರಗಿಟ್ಟು ನಡೆಯಬೇಕು. ಕಾರಿನ ಚಳಿಗಾಲದ ಟಯರು ಮುಂತಾದುವನ್ನು ಮಕ್ಕಳಿಗೆ ಬಿಡಬಹುದು. ವೈದ್ಯಕೀಯ ವಿಮೆಯನ್ನು ಮಾತ್ರ ಬಿಡಬೇಡಿ. ಸಂದರ್ಶಕರಿಗೆ ಅಲ್ಲಿನ ಸರಕಾರಿ ಚಿಕಿತ್ಸೆ ಸಿಗುವುದಿಲ್ಲ. ಮುರಿದ ಸೊಂಟದ ಬಿಲ್ಲು ಮಕ್ಕಳ ಸಂಸಾರವನ್ನೇ ಅಲುಗಾಡಿಸೀತು.

ಭಾನುವಾರದ ಪೂಜೆಯ ಬಗ್ಗೆ ನನ್ನ ಮನಸ್ಸಿನಲ್ಲಿ ದೊಡ್ಡ ಹೊಯ್ದಾಟವಿತ್ತು. ಹಿಮದ ಬಿರುಗಾಳಿ ಎದ್ದ ಒಂದು ಭಾನುವಾರ ರಸ್ತೆಗಿಳಿಯಬೇಡಿರೆಂದು ರೇಡಿಯೋ ಹೇಳುತ್ತಿದ್ದರೂ ನಾನು ಕೋಟು ಹಾಕಿ ಕುಳಿತಿದ್ದೆ. ಜೋರು ಮಳೆಯಲ್ಲಿ ಹೊಳೆ ದಾಟಿ ಇಗರ್ಜಿಗೆ ಹೋದ ಹಳಬರ ಮಗಳು ನಾನು. ಮುಂದಿನ ವಾರ ಪಾಪನಿವೇದನೆಯಲ್ಲಿ ಹೇಳಿದಾಗ ಅಲ್ಲಿನ ಧರ್ಮಗುರುಗಳು, ಗಂಭೀರ ಕಾರಣವಿದ್ದಾಗ ಆ ಕಟ್ಟಳೆ ಬಾಧಿಸದೆಂದು ಧರ್ಮಸಭೆಯೇ ಹೇಳಿದೆ, ನಿಮ್ಮನ್ನು ಕರೆತರಲು ಅಳಿಯ ಪ್ರಾಣ ಪಣಕ್ಕಿಡಬೇಕೇ ಎಂದು ಕೇಳಿದರು. ಅನಂತರ ಅಂಥ ದಿನಗಳಲ್ಲಿ ಮನೆಯಲ್ಲೇ ತೇರ್ಸ ಹೇಳಿದೆವು.

ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಹಸಿ ಬಾಣಂತಿಗೂ ಮುದುಕಿಗೂ ಆ ಕತ್ತಲೆ ಮನಸ್ಸಿಗೆ ಹತ್ತುತ್ತದೆ. ಮಗಳು ಕಾರಣವಿಲ್ಲದೆ ಅಳುತ್ತಿದ್ದರೆ ‘ಎಲ್ಲರಿಗೂ ಹಾಗೆಯೇ’ ಎಂದು ಸುಮ್ಮನಾಗದೆ ವೈದ್ಯರಿಗೆ ಹೇಳಬೇಕು. ಹಗಲಿನ ಬೆಳಕಿನಲ್ಲಿ ಒಮ್ಮೆ ಹೊರಗೆ ಹೋಗಿ ಬರಬೇಕು, ನೆರೆಯವರ ಪರಿಚಯ ಮಾಡಿಕೊಳ್ಳಬೇಕು. 1535ರಲ್ಲಿ ಜಾಕ್ ಕಾರ್ಟಿಯೇ ಎಂಬ ಫ್ರೆಂಚ್ ನಾವಿಕ ಇಂದಿನ ಕ್ವೆಬೆಕ್ ನಗರದ ಬಳಿ ಚಳಿಗಾಲ ಕಳೆಯಲು ನಿಂತಾಗ, ಅವನ ಸುಮಾರು 110 ಜನರಲ್ಲಿ 25 ಮಂದಿ ಸ್ಕರ್ವಿ ರೋಗದಿಂದ ಸತ್ತರು. ಉಳಿದವರು ಬದುಕಿದ್ದು ಅಲ್ಲಿನ ಮೂಲನಿವಾಸಿಗಳು ಒಂದು ಮರದ ತೊಗಟೆ, ಎಲೆಗಳ ಕಷಾಯವನ್ನು ತೋರಿಸಿಕೊಟ್ಟದ್ದರಿಂದ. ನನ್ನ ಪಾಲಿಗೆ ಆ ಪಕ್ಕದ ಮನೆಯ ವೃದ್ಧೆಯಿದ್ದರು. ಕ್ರಿಸ್ಮಸ್ಸಿಗೆ ಅವರಿಗೆ ಕುಸ್ವಾರ್ ಕೊಟ್ಟೆವು. ನೆವ್ರಿ ಅವರಿಗೆ ಬಹಳ ಹಿಡಿಸಿತು.

ನನ್ನ ಬೂಟುಗಳು ಇನ್ನೂ ಮಗಳ ಮನೆಯ ನೆಲಮಾಳಿಗೆಯಲ್ಲಿವೆ. ನಮ್ಮ ವಾಳೆಯ ಹೆಂಗಸೊಬ್ಬರು ಈ ನವೆಂಬರಿನಲ್ಲಿ ಅದೇ ಊರಿಗೆ ಹೊರಟಿದ್ದಾರೆ. ಬೂಟುಗಳನ್ನು ಅವರಿಗೆ ಕೊಡಿಸೋಣವೆಂದುಕೊಂಡೆ. ಅವರ ಪಾದ ನನ್ನದಕ್ಕಿಂತ ದೊಡ್ಡದು. ಅಲ್ಲಿಯೇ ಹೊಸತು ಕೊಳ್ಳಿ ಎಂದಿದ್ದೇನೆ. ಬಾಗಿಲ ಬಳಿಯ ಮೊಳೆಯ ವಿಷಯವನ್ನು ಎರಡು ಸಲ ಹೇಳಿದ್ದೇನೆ.