ಒಂದು ಸೆಕೆಂಡಿನ ಉಸಿರು

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಆನುವಂಶಿಕ ಕಾಯಿಲೆಗಳ ಪಟ್ಟಿಯೊಂದಿದೆ. ಹಿಮೋಫಿಲಿಯಾಕ್ಕೆ ವಂಶವೃಕ್ಷ ಬರೆಯುತ್ತೇವೆ, ಸಿಕಲ್ ಸೆಲ್‌ಗೆ ಚಿತ್ರ ಬರೆಯುತ್ತೇವೆ. ಸಿಸ್ಟಿಕ್ ಫೈಬ್ರೋಸಿಸ್ ಮಾತ್ರ ಹೆಸರು ಹೇಳಿಸಿಕೊಂಡು ಹೋಗಿಬಿಡುತ್ತದೆ. ಪ್ರಥಮ ಪಿಯುಸಿ ಪುಸ್ತಕದಲ್ಲೂ ಹೀಗೇ ಓದಿ ಮರೆಯುವ ಒಂದು ಮಾತಿದೆ: ಕಲ್ಲು ಒಡೆಯುವ, ಉಜ್ಜುವ ಕೆಲಸದವರ ಶ್ವಾಸಕೋಶಕ್ಕೆ ದೂಳಿನಿಂದ ಹಾನಿಯಾಗುತ್ತದೆ ಎಂಬುದು. ಶಹಾಬಾದ, ವಾಡಿ, ಚಿತ್ತಾಪುರದ ನಮಗೆ ಅದು ಮನೆಯ ಮಾತು. ಈ ಎರಡೂ ಕಡೆ ವೈದ್ಯರು ಕೈಗೆತ್ತಿಕೊಳ್ಳುವ ಯಂತ್ರ ಒಂದೇ.

ಮೊದಲು ಕಾಯಿಲೆ. 7ನೇ ವರ್ಣತಂತುವಿನಲ್ಲಿರುವ ಸಿಎಫ್‌ಟಿಆರ್ ಎಂಬ ಜೀನ್ 1989ರಲ್ಲಿ ಪತ್ತೆಯಾಯಿತು. ಅದು ತಯಾರಿಸುವ ಪ್ರೋಟೀನ್, ಜೀವಕೋಶದ ಪೊರೆಯಲ್ಲಿ ಕ್ಲೋರೈಡ್ ಹಾಯುವ ಬಾಗಿಲು. ಬಾಗಿಲು ಕೆಟ್ಟರೆ ಉಸಿರುನಾಳದ ಲೋಳೆ ನೀರು ಸಾಲದೆ ಗೋಂದಿನಂತೆ ಅಂಟುತ್ತದೆ, ಬ್ಯಾಕ್ಟೀರಿಯಾ ಅಲ್ಲೇ ಬೀಡುಬಿಡುತ್ತವೆ. ಬೆವರಿನಲ್ಲಿ ಉಪ್ಪು ಜಾಸ್ತಿ; ಮಗುವಿಗೆ ಮುತ್ತಿಟ್ಟ ತಾಯಿಯ ತುಟಿಗೆ ಉಪ್ಪು ಹತ್ತುತ್ತದೆ. ಬೆವರಿನ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಮುಟ್ಟಿದರೆ ವೈದ್ಯರು ಈ ಕಾಯಿಲೆಯನ್ನೇ ಶಂಕಿಸುತ್ತಾರೆ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ಇಂಥ ಮಗು ಬಲುಬೇಗ ಉಪ್ಪು ಕಳೆದುಕೊಂಡು ಸುಸ್ತಾಗುತ್ತದೆ.

ತಾಯಿ ತಂದೆ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹತ್ತಿರದ ಸಂಬಂಧದಲ್ಲೇ ಮದುವೆಯಾಗುವ ರೂಢಿ ನಮ್ಮ ಭಾಗದಲ್ಲಿ ಹಲವು ಸಮುದಾಯಗಳಲ್ಲಿದೆ, ಆದ್ದರಿಂದ ಇದು ಬೇರೆ ದೇಶದವರ ರೋಗ ಎಂದು ಸುಮ್ಮನಿರುವಂತಿಲ್ಲ. ನಮ್ಮ ದೇಶದಲ್ಲಿ ಎಷ್ಟೋ ಮಕ್ಕಳಿಗೆ ವರ್ಷಗಟ್ಟಲೆ ಟಿ.ಬಿ., ನ್ಯುಮೋನಿಯಾ, ದಮ್ಮು ಎಂದೇ ಔಷಧ ನಡೆದಿರುತ್ತದೆ.

ಇನ್ನು ಆ ಯಂತ್ರ. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ 1846ರಲ್ಲಿ ಸ್ಪೈರೋಮೀಟರಿನ ವಿವರ ಪ್ರಕಟಿಸಿದ. ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರು ಅಳೆದಿದ್ದ. ನಾವು ಬಾಯಿಪಾಠ ಮಾಡುವ ವೈಟಲ್ ಕೆಪಾಸಿಟಿ ಆತ ಕೊಟ್ಟ ಹೆಸರು. ಇಂದು ಮುಖ್ಯವಾಗಿ ನೋಡುವುದು ಎಫ್‌ಇವಿ-1: ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ. ನೆಟ್ಟಗೆ ಕೂತು, ಮೂಗಿಗೆ ಕ್ಲಿಪ್ ಹಾಕಿ, ಎದೆ ತುಂಬ ಉಸಿರೆಳೆದು, ತಡೆಯದೆ ಒಮ್ಮೆಲೇ ಊದಬೇಕು. ಇನ್ನೇನೂ ಉಳಿದಿಲ್ಲ ಎನ್ನಿಸಿದ ಮೇಲೂ ಊದುತ್ತಿರಬೇಕು. ಕನಿಷ್ಠ ಮೂರು ಸರಿಯಾದ ಊದು ಬೇಕು, ಅವುಗಳಲ್ಲಿ ದೊಡ್ಡದೇ ಲೆಕ್ಕ. ಅರೆಮನಸ್ಸಿನಿಂದ ಊದಿದರೆ ಆರೋಗ್ಯವಂತನೂ ರೋಗಿಯಂತೆ ಕಾಣುತ್ತಾನೆ!

ಬಂದ ಅಂಕಿಯನ್ನು ಅದೇ ವಯಸ್ಸು, ಎತ್ತರ, ಲಿಂಗದವರ ನಿರೀಕ್ಷಿತ ಮಟ್ಟದ ಜೊತೆ ಹೋಲಿಸುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಬೆಲೆಯುಳ್ಳದ್ದು ಅವರದೇ ಹಿಂದಿನ ಅಂಕಿ. ಸಿಸ್ಟಿಕ್ ಫೈಬ್ರೋಸಿಸ್ ಇರುವವರು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಊದುತ್ತಾರೆ, ಕಫವನ್ನೂ ಲ್ಯಾಬಿಗೆ ಕೊಡುತ್ತಾರೆ. ಸ್ಯೂಡೊಮೋನಾಸ್ ಎಂಬ ಬ್ಯಾಕ್ಟೀರಿಯಾ ಮೊದಲ ಸಲ ಕಂಡಾಗಲೇ ಹಿಡಿದರೆ ಓಡಿಸಬಹುದು, ತಳವೂರಿದರೆ ಕಷ್ಟ. ತಮ್ಮದೇ ಮಟ್ಟದಿಂದ ಎಫ್‌ಇವಿ-1 ಶೇಕಡಾ 10ರಷ್ಟು ಇಳಿದರೆ, ರೋಗಿ 'ಆರಾಮಿದ್ದೀನಿ' ಅಂದರೂ ವೈದ್ಯರು ಸುಮ್ಮನಿರುವುದಿಲ್ಲ. ಶ್ವಾಸಕೋಶದಲ್ಲಿ ಮೀಸಲು ಬಹಳ. ಮೆಟ್ಟಿಲು ಹತ್ತುವಾಗ ಏದುಸಿರು ಬರುವ ಹೊತ್ತಿಗೆ ಎಷ್ಟೋ ಕಳೆದುಹೋಗಿರುತ್ತದೆ. ಐದಾರು ವರ್ಷದೊಳಗಿನ ಮಕ್ಕಳಿಗೆ ಹೀಗೆ ಊದಲು ಬರುವುದಿಲ್ಲ. ಅವರಿಗೆ ತೂಕ, ಕೆಮ್ಮು, ಕಫವೇ ಸುಳಿವು.

ಫರ್ಸಿ ಪಾಲಿಶ್ ಮಾಡುವವರಿಗೂ ಇದೇ ಮಾತು. ನಮ್ಮ ಕಲ್ಲು ಸುಣ್ಣಕಲ್ಲು, ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸಿಲಿಕಾ ತುಂಬಿದ ಮರಳುಗಲ್ಲಿನಷ್ಟು ಕ್ರೂರವಲ್ಲ, ಆದರೆ ದಿನಾ ನುಂಗುವ ದೂಳು ದೂಳೇ. ಗಣಿ ಕಾರ್ಮಿಕರಿಗೆ ಕೆಲಸಕ್ಕೆ ಸೇರುವಾಗ, ಆಮೇಲೆ ಐದು ವರ್ಷದೊಳಗೆ ಒಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು ಎಂದು 1955ರ ಗಣಿ ನಿಯಮಗಳಲ್ಲಿತ್ತು. ನಿಮ್ಮ ಅಬ್ಬಾ, ಚಾಚಾ, ಮಾಮಾ ಯಾರಾದರೂ ಗಣಿಯಲ್ಲೋ ಸಿಮೆಂಟ್ ಫ್ಯಾಕ್ಟರಿಯಲ್ಲೋ ಪಾಲಿಶ್ ಶೆಡ್ಡಿನಲ್ಲೋ ಇದ್ದರೆ, ಎಂದಾದರೂ ಊದಿಸಿದ್ದಾರಾ, ಎಷ್ಟು ಬಂತು ಎಂದು ಇವತ್ತು ರಾತ್ರಿ ಊಟದ ಹೊತ್ತಿಗೆ ಕೇಳಿ. ಚೀಟಿ ಇದ್ದರೆ ಜೆರಾಕ್ಸ್ ಮಾಡಿಸಿ ಮನೆಯಲ್ಲಿಡಿ. ಮುಂದಿನ ಸಲ ಊದಿದಾಗ ಹೋಲಿಸಲು ಅದೇ ಬೇಕು.